ಜೊತೆಗೆ ಬಂದವಳು

ಕೃಷ್ಣಯ್ಯನಿಗೆ ಬೇಜಾರಾಗಿದೆ ಎನ್ನುವುದು ಬಾಪೂಜಿ ನಗರದ ಆ ಅಡ್ಡರಸ್ತೆಗೆಲ್ಲ ಗೊತ್ತಿತ್ತು. ಕಾರ್ಖಾನೆಯಲ್ಲಿ ಅವನಿದ್ದ ವಿಭಾಗವನ್ನು ಎಂಬತ್ತೈದನೆಯ ಇಸವಿ ದೀಪಾವಳಿಗೆ ಮುಂಚೆ ಮುಚ್ಚಿದ್ದರು. ಅರ್ಧ ಸಂಬಳ ಕೊಡುತ್ತೇವೆ, ಹೇಳಿ ಕಳಿಸಿದಾಗ ಬನ್ನಿ ಎಂದವರು ಆಮೇಲೆ ಹೇಳಿ ಕಳಿಸಲೇ ಇಲ್ಲ. ಹರೆಯದಿಂದಲೂ ಬೆಳಕು ಹರಿಯುವ ಮುಂಚೆ ಟಿಫನ್ ಕ್ಯಾರಿಯರ್ ಹಿಡಿದು ಮೈಸೂರು ರಸ್ತೆಗೆ ಓಡುತ್ತಿದ್ದ ಮನುಷ್ಯ ಈಗ ನಡುಮನೆಯ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದ. ಕರೆದರೆ ಓಗೊಡುತ್ತಿರಲಿಲ್ಲ. ಮುದ್ದೆಯ ತಟ್ಟೆ ಮುಂದಿಟ್ಟರೆ ಎರಡು ತುತ್ತು ಮುರಿದು ಕೈ ತೊಳೆಯುತ್ತಿದ್ದ.

ಮನೆಯೆಲ್ಲ ಆ ಮಂಚದ ಸುತ್ತ ತಿರುಗತೊಡಗಿತು. ರೇಡಿಯೋ ಪಿಸುಗುಟ್ಟುವಷ್ಟು ಸಣ್ಣಗಾಯಿತು. ಎರಡನೇ ವರ್ಷದ ಪಿಯುಸಿ ಓದುತ್ತಿದ್ದ ಮಗಳು ವನಜಾಕ್ಷಿಗೆ ಗಟ್ಟಿಯಾಗಿ ಓದಿದರೇ ತಲೆಗೆ ಹತ್ತುತ್ತಿದ್ದುದು. ಅವಳು ಪುಸ್ತಕ ಹಿಡಿದುಕೊಂಡು ಪಕ್ಕದ ಮನೆ ಪಟಾಲಮ್ಮನ ಮೆಟ್ಟಿಲಿಗೆ ಹೋದಳು. ಕೃಷ್ಣಯ್ಯನ ತಾಯಿ ನರಸಮ್ಮ ಮಗನ ತಲೆಗೆ ಹರಳೆಣ್ಣೆ ಒತ್ತಿದಳು, ದೃಷ್ಟಿ ತೆಗೆದಳು, ತಾಯಿತ ಕಟ್ಟಿಸಿದಳು. ಬಂದವರಿಗೆಲ್ಲ ಒಂದೇ ಮಾತು.

"ಗಂಡಸು ಕಣಮ್ಮಾ, ಕೆಲಸ ಹೋದ್ರೆ ಮನಸ್ಸಿಗೆ ಹಚ್ಕೊಳ್ದೆ ಇನ್ನೇನ್ ಮಾಡ್ತಾನೆ. ನಮ್ಮ ಕೃಷ್ಣನ್ನ ನನ್ನ ಕಣ್ಣಲ್ಲಿ ನೋಡಕ್ಕಾಗಲ್ಲ."

ಹೆಂಡತಿ ಯಶೋದಮ್ಮನಿಗೂ ನೋಡಲಾಗುತ್ತಿರಲಿಲ್ಲ. ಆದರೆ ಅವಳಿಗೆ ನೋಡುತ್ತಾ ನಿಲ್ಲುವುದಕ್ಕೆ ಪುರುಸೊತ್ತಾದರೂ ಎಲ್ಲಿತ್ತು? ದಿನ ಬಿಟ್ಟು ದಿನ ಬರುವ ನಲ್ಲಿ ನೀರಿಗೆ ಬೀದಿ ತುದಿಯಲ್ಲಿ ಬಿಂದಿಗೆ ಸಾಲಿಗಿಡಬೇಕು, ಸೀಮೆಣ್ಣೆಗೆ ನಿಲ್ಲಬೇಕು, ಗಂಡನಿಗೆ ಬೇರೆ, ಅತ್ತೆಗೆ ಮೆತ್ತಗೆ ಬೇರೆ ಬೇಯಿಸಬೇಕು. ಅರ್ಧ ಸಂಬಳ ಸಾಲದೆಂದು ಮೊದಲಿನಿಂದಲೂ ಮಾಡುತ್ತಿದ್ದ ಊದಿನಕಡ್ಡಿ ಹೊಸೆಯುವ ಕೆಲಸವನ್ನು ಇನ್ನಷ್ಟು ಹೆಚ್ಚಿಗೆ ಒಪ್ಪಿಕೊಂಡಿದ್ದಳು. ಮೇಸ್ತ್ರಿ ಮರಿಯಪ್ಪ ಸೈಕಲ್ಲಿನಲ್ಲಿ ಕಡ್ಡಿಯ ಕಟ್ಟು, ಕರಿ ಹಿಟ್ಟು ತಂದುಹಾಕಿ, ಹೊಸೆದದ್ದನ್ನು ಒಯ್ಯುತ್ತಿದ್ದ. ಆ ಬೀದಿಯ ಅರ್ಧ ಹೆಂಗಸರ ಅಂಗೈ ಕಪ್ಪಗಿದ್ದುದು ಈ ಕೆಲಸದಿಂದ.

ಸಂಕ್ರಾಂತಿ ಹತ್ತಿರ ಬಂದಾಗ ಕೃಷ್ಣಯ್ಯ ಎಷ್ಟೋ ವಾರಗಳ ಮೇಲೆ ಬಾಯಿ ಬಿಟ್ಟು ಒಂದು ಕೇಳಿದ.

"ಹಿತಕಿದ ಅವರೆಬೇಳೆ ಸಾರು ಮಾಡಿದ್ರೆ ತಿನ್ನಬಹುದೇನೋ."

ನರಸಮ್ಮನಿಗೆ ಹೋದ ಜೀವ ಬಂದಂತಾಯಿತು. "ಕೇಳಿದ್ಯೇನೇ ಯಶೋದಾ? ಬಾಯಿ ಬಿಟ್ಟು ಕೇಳಿದಾನೆ. ಹೋಗು, ಅವರೆಕಾಯಿ ತಗೊಂಬಾ. ಸೊಗಡಿರೋದು ನೋಡಿ ತಗೋ."

ಕಾಯಿ ಬಿಡಿಸಿ, ಕಾಳು ನೆನೆಸಿ, ಒಂದೊಂದೇ ಕಾಳನ್ನು ಹಿತುಕಿ ಸಿಪ್ಪೆ ತೆಗೆಯುವ ಕೆಲಸ ಎಂಥದೆಂದು ಮಾಡಿದವರಿಗೇ ಗೊತ್ತು. ನರಸಮ್ಮನ ಬೆರಳಿಗೆ ವಾತ. ವನಜಳಿಗೆ ಕಾಲೇಜು. ಯಶೋದಮ್ಮ ಒಬ್ಬಳೇ ಕೂತು ಹಿತುಕಿದಳು.

"ಅಮ್ಮಾ, ನಾನೂ ಮಾಡ್ತೀನಿ ತಡಿಯೇ," ಎಂದು ಕಾಲೇಜಿನಿಂದ ಬಂದ ವನಜ ಪಕ್ಕದಲ್ಲಿ ಕೂತಳು.

"ಬೇಡ, ಓದ್ಕೋ ಹೋಗು."

"ಅಪ್ಪಂಗೆ ಬೇರೆ ಏನಾದ್ರೂ ತಿನ್ನಕ್ಕಾಗಲ್ವಾ? ನಿಂಗೆಷ್ಟು ಕೆಲಸ..."

ಒಳಗಿನಿಂದ ನರಸಮ್ಮನ ದನಿ ಬಂತು. "ಏನೇ ಅದು ಮಾತು? ನಿಮ್ಮಪ್ಪ ತಿಂತೀನಿ ಅಂದಿದ್ದೇ ದೊಡ್ದು. ಬೇಜಾರು ಅಂದ್ರೆ ಏನು ಅಂತ ಗೊತ್ತಾ ನಿಂಗೆ?"

ಯಶೋದಮ್ಮ ಕಾಳು ಹಿತುಕುತ್ತಲೇ ಇದ್ದಳು. ಸಾರು ಚೆನ್ನಾಗಿಯೇ ಆಯಿತು. ಕೃಷ್ಣಯ್ಯ ಒಂದು ಮುದ್ದೆ ಉಂಡ. ಎಲ್ಲರದೂ ಮುಗಿದ ಮೇಲೆ ಪಾತ್ರೆಯಲ್ಲಿ ಉಳಿದಿದ್ದನ್ನು ಯಶೋದಮ್ಮ ನೋಡಿದಳು, ಮುಚ್ಚಳ ಮುಚ್ಚಿದಳು. ಅವಳು ಉಣ್ಣಲಿಲ್ಲವೆಂಬುದು ಯಾರ ಗಮನಕ್ಕೂ ಬರಲಿಲ್ಲ. ಕೊನೆಯಲ್ಲಿ ಉಣ್ಣುವವರ ತಟ್ಟೆಯನ್ನು ಯಾರು ನೋಡುತ್ತಾರೆ?

ಆಸ್ಪತ್ರೆಯ ಮಾತು ತೆಗೆದವನು ಅಂಜಿನಯ್ಯ, ಕೃಷ್ಣಯ್ಯನ ಜೊತೆ ಅದೇ ವಿಭಾಗದಲ್ಲಿದ್ದವನು. ಈಗ ಅವನು ಬಿನ್ನಿಪೇಟೆಯಲ್ಲಿ ಸೈಕಲ್ ಷಾಪ್ ಇಟ್ಟುಕೊಂಡಿದ್ದ.

"ಅಮ್ಮಾ, ಇದು ದೃಷ್ಟಿ ಅಲ್ಲ, ಕಾಯಿಲೆ. ಮನಸ್ಸಿನ ಕಾಯಿಲೆಗೇ ಅಂತ ದೊಡ್ಡಾಸ್ಪತ್ರೆ ಐತಲ್ಲ, ಅಲ್ಲಿ ತೋರ್ಸಿ. ನಮ್ಮ ಷಡ್ಕಂಗೂ ಅಲ್ಲೇ ವಾಸಿ ಆಗಿದ್ದು."

"ಹುಚ್ಚರ ಆಸ್ಪತ್ರೆಗಾ?" ನರಸಮ್ಮ ಬೆಚ್ಚಿದಳು. "ನಾಳೆ ಮೊಮ್ಮಗಳಿಗೆ ಗಂಡು ಬೇಡ್ವೇನಪ್ಪಾ?"

"ಮಗನೇ ಕೈ ತಪ್ಪಿದ್ರೆ ಗಂಡು ಹುಡ್ಕೋರು ಯಾರು?" ಎಂದ ಅಂಜಿನಯ್ಯ. ಆ ಮಾತಿಗೆ ನರಸಮ್ಮ ಒಪ್ಪಿದಳು.

ಮಾರ್ಕೆಟ್ಟಿಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು. ಆಸ್ಪತ್ರೆಯ ಬೆಂಚುಗಳ ತುಂಬ ಜನ. ಕೃಷ್ಣಯ್ಯನ ಚೀಟಿ, ಚೀಲ, ನೀರಿನ ಬಾಟಲಿ ಎಲ್ಲ ಯಶೋದಮ್ಮನ ಕೈಯಲ್ಲಿದ್ದವು. ಒಳಗೆ ಕನ್ನಡಕದ ಲೇಡಿ ಡಾಕ್ಟರು. ವಯಸ್ಸು ಚಿಕ್ಕದಾದರೂ ಮುಖದಲ್ಲಿ ಬೆಳಿಗ್ಗೆಯಿಂದ ನೂರು ಜನರನ್ನು ನೋಡಿದ ಆಯಾಸ. ಅವರು ಕೃಷ್ಣಯ್ಯನನ್ನು ಏನೇನೋ ಕೇಳಿದರು. ಅವನು ಫ್ಯಾನು ನೋಡುತ್ತಾ ಕೂತ. ಕೊನೆಗೆ ಡಾಕ್ಟರು ಹೆಂಡತಿಯ ಕಡೆ ತಿರುಗಿದರು.

"ನಿದ್ದೆ ಮಾಡ್ತಾರಾ?"

"ಮಲಗಿದ ತಕ್ಷಣ ಬರುತ್ತೆ ಡಾಕ್ಟ್ರಮ್ಮಾ. ನಡುರಾತ್ರಿ ಕಳೆದ್ಮೇಲೆ ಎಚ್ಚರ ಆಗ್ಬಿಡುತ್ತೆ. ಆಮೇಲೆ ಕಣ್ಣು ಮುಚ್ಚಿದ್ರೂ ನಿದ್ದೆ ಇಲ್ಲ. ಎದೆ ಮೇಲೆ ಕಲ್ಲಿಟ್ಟಂಗೆ."

"ಊಟ?"

"ರುಚಿ ಗೊತ್ತಾಗಲ್ಲ. ನಾಲಿಗೆ ಮೇಲೆ ಬೂದಿ ಇಟ್ಟಂಗೆ ಇರುತ್ತೆ."

"ಅಳ್ತಾರಾ?"

"ಅಳು ಬರಲ್ಲ. ಬಂದಿದ್ರೆ ವಾಸಿ ಅನ್ಸುತ್ತೆ."

ಕೃಷ್ಣಯ್ಯ ಫ್ಯಾನಿನಿಂದ ಕಣ್ಣು ತೆಗೆದು ಹೆಂಡತಿಯನ್ನೊಮ್ಮೆ ನೋಡಿದ. ಬೂದಿ, ಕಲ್ಲು ಎಂದೆಲ್ಲ ಅವನು ಯಾವತ್ತೂ ಹೇಳಿರಲಿಲ್ಲ. ಡಾಕ್ಟರ ಪೆನ್ನೂ ಒಂದು ಗಳಿಗೆ ನಿಂತಿತು.

"ಇದೆಲ್ಲಾ ನಿಮಗೆ ಹೇಗಮ್ಮಾ ಇಷ್ಟು ಚೆನ್ನಾಗಿ ಗೊತ್ತು?"

"ನಾನೂ ಎದ್ದಿರ್ತೀನಲ್ಲ ಡಾಕ್ಟ್ರಮ್ಮಾ."

ಹೊರಗೆ ಸಾಲು ಬೆಳೆದಿತ್ತು. ಡಾಕ್ಟರು ಮಾತ್ರೆ ಬರೆದು, ತಿಂಗಳು ಬಿಟ್ಟು ಬರಹೇಳಿದರು.

ಮಾತ್ರೆ ಕೆಲಸ ಮಾಡಿತೋ, ಬೇಸಿಗೆ ಬಿಸಿಲು ಕೆಲಸ ಮಾಡಿತೋ, ಶಿವರಾತ್ರಿ ಹೊತ್ತಿಗೆ ಕೃಷ್ಣಯ್ಯ ಚೇತರಿಸಿಕೊಂಡ. ಗಡ್ಡ ಹೆರೆದುಕೊಂಡ. ಜಗಲಿಗೆ ಬಂದು ಕೂತ. ಒಂದು ದಿನ ಸಾರು ಬಾಯಿಗಿಟ್ಟು, "ಇದಕ್ಕೆ ಉಪ್ಪು ಹಾಕಿದೀಯೋ ಇಲ್ವೋ?" ಎಂದು ರೇಗಿದ. ಮಗ ರೇಗಿದನೆಂದು ನರಸಮ್ಮ ಬೀದಿಗೆಲ್ಲ ಸಾರಿಕೊಂಡು ಬಂದಳು.

ಉಪ್ಪು ನಿಜವಾಗಿಯೂ ಬಿದ್ದಿರಲಿಲ್ಲ. ಮರುದಿನ ಎರಡು ಸಲ ಬಿತ್ತು. ಹಾಲು ಉಕ್ಕಿ ಸ್ಟೋವ್ ಆರಿದರೂ ಯಶೋದಮ್ಮ ಅದರೆದುರಿಗೇ ನಿಂತಿದ್ದಳು. ನಲ್ಲಿಯ ಹತ್ತಿರ ತುಂಬಿದ ಬಿಂದಿಗೆ ಬಿಟ್ಟು ಬರಿಗೈಲಿ ಮನೆಗೆ ಬಂದಳು. ಪಟಾಲಮ್ಮ ಹಿಂದೆಯೇ ಹೊತ್ತು ತಂದುಕೊಟ್ಟು, "ಏನ್ ಯಶೋದಕ್ಕಾ, ಬಿಂದಿಗೆನ ನಡ್ಕೊಂಡು ಬಾ ಅಂತ ಬಿಟ್ಬಂದ್ರಾ?" ಎಂದು ನಕ್ಕಳು.

"ಗ್ಯಾನ ಎಲ್ಲಿಟ್ಟಿರ್ತೀಯ?" ಎಂದು ನರಸಮ್ಮ ಬೈದಳು. "ಗಂಡ ಹುಷಾರಾಗ್ತಿದ್ದಂಗೆ ಮೈಗಳ್ಳತನ ಶುರು ಆಯ್ತು."

ಗಂಡನಿಗೆ ಮಾತ್ರೆ ಕೊಡುವುದನ್ನು ಮಾತ್ರ ಯಶೋದಮ್ಮ ಒಂದು ಹೊತ್ತೂ ಮರೆತಿರಲಿಲ್ಲ.

ಹಾಗಿರುವಾಗ ಒಂದು ಮಧ್ಯಾಹ್ನ ವನಜ ಕಾಲೇಜಿನಿಂದ ಬೇಗ ಬಂದಳು. ಅಮ್ಮ ಹಿತ್ತಿಲ ಬಾಗಿಲಲ್ಲಿ ಮಣೆ ಮುಂದಿಟ್ಟುಕೊಂಡು ಊದಿನಕಡ್ಡಿ ಹೊಸೆಯುತ್ತಿದ್ದಳು. ಒಂದು ಕಡ್ಡಿ ತೆಗೆದುಕೊಳ್ಳುವುದು, ಮಣೆಯ ಮೇಲಿಡುವುದು, ಅಂಗೈಯಿಂದ ಉರುಳಿಸುವುದು, ಪಕ್ಕಕ್ಕಿಡುವುದು. ಕೈ ಎಂದಿನ ಲಯದಲ್ಲೇ ಓಡುತ್ತಿತ್ತು. ವನಜ ಚಪ್ಪಲಿ ಬಿಟ್ಟು ಹತ್ತಿರ ಬಂದವಳು ನಿಂತೇಬಿಟ್ಟಳು. ಪಕ್ಕದಲ್ಲಿದ್ದ ರಾಶಿ ಹಳದಿಯಾಗಿತ್ತು. ಒಂದು ಕಡ್ಡಿಗೂ ಹಿಟ್ಟು ಹತ್ತಿರಲಿಲ್ಲ. ಬಟ್ಟೆ ಒದ್ದೆ ಮಾಡಿ ಮುಚ್ಚಿದ್ದ ಬೇಸಿನ್ನಿನಲ್ಲಿ ಹಿಟ್ಟು ಮುಟ್ಟದೆ ಹಾಗೇ ಇತ್ತು. ಮೇಲಿನ ಬಟ್ಟೆ ಒಣಗಿಹೋಗಿತ್ತು.

"ಅಮ್ಮಾ... ಹಿಟ್ಟೆಲ್ಲಿ?"

"ಹೊಸೀತಾ ಇದೀನಲ್ಲ."

"ಬರೀ ಕಡ್ಡಿ ಹೊಸೀತಿದೀಯಲ್ಲಮ್ಮಾ!"

ಯಶೋದಮ್ಮ ಅಂಗೈ ತಿರುಗಿಸಿ ನೋಡಿಕೊಂಡಳು. ಸ್ವಚ್ಛವಾಗಿತ್ತು. ರಾಶಿಯನ್ನು ನೋಡಿದಳು. ಮಗಳಿಗೆ ಹೆದರಿಕೆಯಾದದ್ದು ಆ ರಾಶಿ ಕಂಡಲ್ಲ, ಅದನ್ನು ಕಂಡೂ ಅಮ್ಮನ ಮುಖದಲ್ಲಿ ಏನೂ ಆಗಲಿಲ್ಲವಲ್ಲ, ಅದಕ್ಕೆ.

"ಹೌದಲ್ಲ," ಎಂದಳು ಯಶೋದಮ್ಮ, ಇನ್ನೊಬ್ಬರ ವಿಷಯ ಕೇಳಿದವಳಂತೆ. ಮತ್ತೆ ಒಂದು ಕಡ್ಡಿ ಕೈಗೆತ್ತಿಕೊಂಡಳು.

ಸಂಜೆ ಮರಿಯಪ್ಪ ಬಂದು ನೋಡಿ, "ಏನಕ್ಕಾ, ಬರೀ ಕಡ್ಡಿ ಹಚ್ಚಿದ್ರೆ ದೇವರು ಒಲೀತಾನಾ?" ಎಂದು ತಮಾಷೆ ಮಾಡಿ, ಯಾರೂ ನಗದಿದ್ದುದನ್ನು ಕಂಡು ಸೈಕಲ್ ಹತ್ತಿದ.

ಅಂದು ರಾತ್ರಿ ಊಟಕ್ಕೆ ಕೂತಾಗ ವನಜ ತಟ್ಟೆ ಮುಂದಕ್ಕೆ ತಳ್ಳಿದಳು.

"ಅಪ್ಪನ್ನ ತೋರ್ಸಕ್ಕೆ ಹೋಗ್ತೀರಲ್ಲ, ಅಮ್ಮನ್ನೂ ತೋರ್ಸಿ."

"ನಿಮ್ಮಮ್ಮಂಗೇನಾಗಿದೆ?" ಎಂದಳು ನರಸಮ್ಮ. "ಎದ್ದು ಓಡಾಡ್ಕೊಂಡು ಗುಂಡ್ಕಲ್ಲಂಗಿದಾಳೆ."

"ಓಡಾಡ್ತಾ ಇದಾಳೆ ಅಂತಾನೇ ನಿಮಗ್ಯಾರಿಗೂ ಕಾಣ್ತಿಲ್ಲ ಅಜ್ಜಿ. ಮಲಗಿದ್ರೆ ಕಾಣ್ತಿತ್ತೇನೋ."

"ನೋಡೇ, ನಾನು ಎರಡು ಮಕ್ಕಳನ್ನ ಮಣ್ಣಿಗೆ ಕೊಟ್ಟು ಬಂದೋಳು. ಹೂತು ಬಂದು ಅವತ್ತೇ ಹತ್ತು ಜನಕ್ಕೆ ಮುದ್ದೆ ತಿರುವಿದೀನಿ. ನಮಗೆ ಬೇಜಾರು ಮಾಡ್ಕೊಳ್ಳಕ್ಕೆ ಬಿಡುವು ಕೊಟ್ಟಿದ್ದು ಯಾರು? ಒಂದು ಮನೇಲಿ ಇಬ್ಬರನ್ನ ಆ ಆಸ್ಪತ್ರೆಗೆ ಕರ್ಕೊಂಡೋದ್ರೆ ಬೀದಿ ಏನನ್ನುತ್ತೆ? ಸರಿ, ಕಾಯಿಲೆ ಅಂತಾನೇ ಇಟ್ಕೋ. ಅವಳು ಮಲಗ್ತಾಳೆ. ಒಲೆ ಯಾರು ಹಚ್ಚೋದು? ನೀರು ಯಾರು ತರೋದು? ನೀನು ಕಾಲೇಜು ಬಿಟ್ಟು ಕೂತ್ಕೋ, ಅವಳು ಮಲಗ್ಲಿ. ಆಗ್ಬಹುದಾ?"

ಕೃಷ್ಣಯ್ಯ ತಲೆಯೆತ್ತಲಿಲ್ಲ. ಉತ್ತರ ಬಂದದ್ದು ಅಡುಗೆಮನೆಯ ಬಾಗಿಲಿನಿಂದ.

"ನಂಗೇನೂ ಆಗಿಲ್ಲ. ಅವಳು ಕಾಲೇಜು ಬಿಡೋ ಮಾತು ಆಡ್ಬೇಡಿ ಅತ್ತೆ. ಪರೀಕ್ಷೆ ಹತ್ತಿರ ಇದೆ."

ಅವಳು ದನಿ ಎತ್ತಿ ಮಾತಾಡಿದ್ದು ಎಷ್ಟೋ ದಿನಗಳ ಮೇಲೆ. ಅಮ್ಮ ಇಷ್ಟು ದಿನ ಏಕೆ ಸುಮ್ಮನಿದ್ದಳೆಂದು ವನಜಳಿಗೆ ಆಗ ಅರ್ಥವಾಯಿತು. ತಾಯಿಗೆ ಕಾಯಿಲೆಯೆಂದು ಒಪ್ಪಿದರೆ ಮಗಳು ಒಲೆ ಮುಂದೆ ಬಂದು ಕೂರಬೇಕು. ಮಗಳು ಓದಬೇಕೆಂದರೆ ತಾಯಿಗೆ ಕಾಯಿಲೆ ಇರಕೂಡದು. ಈ ಲೆಕ್ಕದಲ್ಲಿ ಅಪ್ಪ ಎಲ್ಲಿಯೂ ಬರುವುದಿಲ್ಲವಲ್ಲ ಎಂದು ಅವಳಿಗೆ ಸಿಟ್ಟು ಬಂತು. ಆದರೆ ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯ ಇರಲಿಲ್ಲ.

ತಿಂಗಳ ಮೇಲೆ ಅಪ್ಪನ ಸರದಿ ಬಂದಾಗ ವನಜ ತಾನೂ ಹೊರಟಳು. ಡಾಕ್ಟರು ಕೃಷ್ಣಯ್ಯನ ಬೋಳಿಸಿದ ಕೆನ್ನೆ ನೋಡಿ ಖುಷಿಪಟ್ಟರು. ಅವರು ಮಾತ್ರೆ ಬರೆಯುವುದರೊಳಗೆ ವನಜ ಒಂದೇ ಉಸಿರಿಗೆ ಹೇಳಿದಳು.

"ಮೇಡಂ, ನಮ್ಮಮ್ಮನ್ನೂ ನೋಡಿ. ಹಿಟ್ಟೇ ಇಲ್ದೆ ಇಡೀ ಮಧ್ಯಾಹ್ನ ಬರೀ ಕಡ್ಡಿ ಹೊಸೆದಿದಾಳೆ."

"ಸುಮ್ನಿರೇ. ನಾನು ಚೆನ್ನಾಗಿದೀನಿ ಡಾಕ್ಟ್ರಮ್ಮಾ."

ಡಾಕ್ಟರು ಪೆನ್ನು ಕೆಳಗಿಟ್ಟರು. ಯಶೋದಮ್ಮನನ್ನು ಕೇಳಲಿಲ್ಲ, ಕೃಷ್ಣಯ್ಯನನ್ನು ಕೇಳಿದರು.

"ನಿಮ್ಮ ಮನೆಯವರು ರಾತ್ರಿ ನಿದ್ದೆ ಮಾಡ್ತಾರಾ?"

"ಮಾಡ್ತಾಳೆ. ಮಾಡ್ತಾಳೆ ಅಂತ ಕಾಣುತ್ತೆ."

"ಎಷ್ಟೊತ್ತಿಗೆ ಏಳ್ತಾರೆ?"

"ನಾನು ಎದ್ದಾಗ ಎದ್ದಿರ್ತಾಳೆ."

"ಊಟ?"

"ನಮ್ದೆಲ್ಲ ಆದ್ಮೇಲೆ ಮಾಡ್ತಾಳೆ ಮೇಡಂ. ನೋಡಿಲ್ಲ."

"ಸೊರಗಿದಾರೆ ಅನ್ಸಲ್ವಾ ನಿಮಗೆ?"

ಕೃಷ್ಣಯ್ಯ ಹೆಂಡತಿಯ ಕಡೆ ತಿರುಗಿದ. ಬಳೆಗಳು ಮೊಣಕೈ ತನಕ ಸರಿಯುತ್ತಿದ್ದುದು, ರವಿಕೆಯ ತೋಳು ಜೋತಾಡುತ್ತಿದ್ದುದು ಅವನಿಗೆ ಅಲ್ಲಿ ಕೂತಾಗಲೇ ಕಂಡಿತು. ನಾಚಿಕೆಯಾಯಿತು. ಡಾಕ್ಟರು ಹೊರಗಿರಿ ಎಂದದ್ದೇ ಬಿಡುಗಡೆಯೆನ್ನಿಸಿ ಎದ್ದು ಹೋದ.

"ಯಾವಾಗಿಂದಮ್ಮಾ ಹೀಗೆ?"

ಯಶೋದಮ್ಮ ಸೆರಗಿನ ತುದಿ ಸುತ್ತುತ್ತಾ, ಮಗಳ ಮುಖ ನೋಡದೆ ಹೇಳಿದಳು. "ಹೋದ ವರ್ಷ ಮುಟ್ಟು ನಿಂತೋಯ್ತಲ್ಲ, ಆವಾಗಿಂದ."

"ಆ ವಯಸ್ಸಿನಲ್ಲಿ ಕೆಲವರಿಗೆ ಹಾಗಾಗುತ್ತೆ. ಮೈಯಲ್ಲಿ ಬದಲಾವಣೆ..."

"ಅದಲ್ಲ ಡಾಕ್ಟ್ರಮ್ಮಾ." ಯಶೋದಮ್ಮ ತಡೆದಳು. "ನಮ್ಮತ್ತೆದು ಮಡಿ ಬಾಳ. ಮೊದಲು ತಿಂಗಳಿಗೆ ಮೂರು ದಿನ ನಾನು ಹೊರಗೆ ಕೂರ್ತಿದ್ದೆ. ಒಲೆ ಮುಟ್ಟಂಗಿಲ್ಲ, ನೀರು ಮುಟ್ಟಂಗಿಲ್ಲ. ದೇವರಿಗೆ ಹಚ್ಚೋ ಕಡ್ಡಿ ಅಂತ ಅದನ್ನೂ ಹೊಸೆಯಂಗಿಲ್ಲ. ಹಿತ್ತಿಲ ಚಪ್ಪರದಾಗೆ ಚಾಪೆ ಹಾಕ್ಕೊಂಡು ಬಿದ್ಕೊಳ್ತಿದ್ದೆ. ಅತ್ತೆ ಬೈಕೊಂಡೇ ಅಡುಗೆ ಮಾಡೋರು, ತಟ್ಟೆಗೆ ಮೇಲಿಂದ ಹಾಕೋರು. ಬಿಸಿಬಿಸೀದು ತಿಂದು ಮಲಗ್ತಿದ್ದೆ. ನಾಲ್ಕನೇ ದಿನ ನೀರು ಹಾಕ್ಕೊಂಡು ಒಳಗೆ ಬಂದ್ರೆ ಮತ್ತೆ ತಿಂಗಳು ತಳ್ಳೋ ಶಕ್ತಿ ಇರ್ತಿತ್ತು. ಈಗ ಅದೂ ಇಲ್ಲ. ಎಲ್ಲಾ ದಿನಾನೂ ಒಂದೇ. ಯಾವತ್ತು ಮುಗಿಯುತ್ತೆ ಅಂತ ಗೊತ್ತಾಗಲ್ಲ."

ವನಜಳಿಗೆ ಆ ತಗಡಿನ ಚಪ್ಪರ ಕಂಡರೆ ಆಗುತ್ತಿರಲಿಲ್ಲ. ಮೊದಲ ಸಲ ತನ್ನನ್ನು ಅಲ್ಲಿ ಕೂರಿಸಿದಾಗ ಅವಳು ಅವಮಾನದಿಂದ ಅತ್ತಿದ್ದಳು. ಅಮ್ಮನಿಗೆ ಅದೇ ರಜೆಯಾಗಿತ್ತು.

ಡಾಕ್ಟರು ಹೊಸ ಚೀಟಿ ತೆಗೆದು ಯಶೋದಮ್ಮನ ಹೆಸರು ಬರೆದರು. "ನಮ್ಮಲ್ಲಿ ಬರೋ ರೋಗಿಗಳಲ್ಲಿ ಗಂಡಸರೇ ಜಾಸ್ತಿ ಕಣಮ್ಮಾ. ಬೇರೆ ಬೇರೆ ದೇಶಗಳಲ್ಲಿ ಮನೆಮನೆಗೆ ಹೋಗಿ ಲೆಕ್ಕ ತೆಗೆದ್ರೆ ಹೆಂಗಸರೇ ಎರಡರಷ್ಟು ಅಂತಾರೆ. ಹಾಗಾದ್ರೆ ನಮ್ಮ ಹೆಂಗಸರೆಲ್ಲಿ ಅಂತ ನಾನೂ ಯೋಚನೆ ಮಾಡ್ತಿದ್ದೆ. ಎಲ್ಲೂ ಇಲ್ಲ, ಇಲ್ಲೇ ಇರ್ತೀರಿ. ಚೀಲ ಹಿಡ್ಕೊಂಡು ಜೊತೆಗೆ ಬಂದಿರ್ತೀರಿ." ಆಮೇಲೆ ವನಜಳ ಕಡೆ ನೋಡಿ, "ಈ ಮಾತ್ರೆ ತಗೊಂಡ್ರೆ ಮೊದಮೊದಲು ಬೆಳಿಗ್ಗೆ ತುಂಬ ಮಂಪರು ಇರುತ್ತೆ. ಮಲಗಕ್ಕೆ ಬಿಡ್ಬೇಕು. ನಿಲ್ಲಿಸಬಾರದು," ಎಂದರು.

ಮಲಗಕ್ಕೆ ಬಿಡಬೇಕು ಎಂದು ಬರೆದುಕೊಡುವುದು ಸುಲಭ. ಮನೆಯಲ್ಲಿ ಅದೇ ಮಾತಿಗೆ ರಣರಂಪವಾಯಿತು.

"ಬೆಳಿಗ್ಗೆ ಮಲಗ್ಬೇಕಂತಾ?" ನರಸಮ್ಮ ಹಣೆ ಚಚ್ಚಿಕೊಂಡಳು. "ಯಾವ ಮನೆ ಸೊಸೇಗೆ ಅಂಥಾ ಮಾತ್ರೆ ಕೊಡ್ತಾರೆ?"

ವನಜಳಿಗೆ ತಡೆಯಲಾಗಲಿಲ್ಲ. "ನಿಮ್ಮ ಮಡೀಲಿ ಮೂರು ದಿನ ಹೊರಗೆ ಕೂರ್ತಿದ್ಲಲ್ಲ, ಅದೇ ಅವಳಿಗೆ ಸುಖ ಆಗಿತ್ತಂತೆ ಅಜ್ಜಿ. ಅದು ನಿಂತಾಗಿಂದ ಉಸಿರಾಡಕ್ಕೂ ಪುರುಸೊತ್ತಿಲ್ಲ. ಡಾಕ್ಟ್ರ ಹತ್ರ ಅದನ್ನ ಹೇಳಿದ್ಲು. ನಮಗೆ ಮರ್ಯಾದೆ ಇದ್ರೆ..."

"ವನಜಾ!" ಎಂದು ಯಶೋದಮ್ಮ ಗದರಿದಳು.

ನರಸಮ್ಮ ಎದ್ದು ಹೋಗಿ ದೀಪ ಹಚ್ಚಿದಳು. ಅವಳು ಜಗಳದ ನಡುವೆ ಬಾಯಿ ಮುಚ್ಚಿದ್ದನ್ನು ಆ ಮನೆ ಕಂಡಿದ್ದೇ ಕಡಿಮೆ.

ಅಂದು ರಾತ್ರಿ ಯಶೋದಮ್ಮ ಒಂದು ಮಾತ್ರೆ ನುಂಗಿದಳು. ಬೆಳಿಗ್ಗೆ ಏಳಲಾಗಲಿಲ್ಲ. ನಲ್ಲಿ ಬಂದು ಹೋಯಿತು. ವನಜ ಸ್ಟೋವ್ ಹಚ್ಚಿ, ಮುದ್ದೆ ಗಂಟು ಮಾಡಿ, ಅಜ್ಜಿಯ ಕೈಲಿ ಬೈಸಿಕೊಂಡು ಕಾಲೇಜಿಗೆ ಓಡುವ ಹೊತ್ತಿಗೆ ಎರಡು ಪಾಠ ಮುಗಿದಿದ್ದವು. ಸಂಜೆ ಯಶೋದಮ್ಮ ಮಾತ್ರೆಯ ಪೊಟ್ಟಣವನ್ನು ಮಡಿಸಿ ಗೂಡಿನಲ್ಲಿಟ್ಟಳು.

"ಪರೀಕ್ಷೆ ಮುಗೀಲಿ, ಆಮೇಲೆ ತಗೋತೀನಿ."

ಯಾರೂ ಬೇಡ ಎನ್ನಲಿಲ್ಲ. ನಿಜ ಹೇಳಬೇಕೆಂದರೆ ಎಲ್ಲರಿಗೂ ನಿರಾಳವಾಯಿತು, ವನಜಳಿಗೂ. ಆ ನಿರಾಳಕ್ಕೆ ಆಮೇಲೆ ಅವಳು ತನ್ನನ್ನೇ ಶಪಿಸಿಕೊಂಡಳು. ಕೃಷ್ಣಯ್ಯನ ಮಾತ್ರೆ ಹೊತ್ತು ಹೊತ್ತಿಗೆ ಅವನ ಕೈಗೆ ಬರುತ್ತಿತ್ತು. ಒಂದು ದಿನ ಅವನು ನೀರು ಕುಡಿದು ಲೋಟ ಕೊಡುತ್ತಾ, "ನಿಂದಾಯ್ತಾ?" ಎಂದು ಕೇಳಿದ. "ಆಯ್ತು," ಎಂದಳು. ಕೇಳಿದೆನಲ್ಲ ಎಂಬ ಸಮಾಧಾನದಿಂದ ಅವನು ಮಲಗಿದ.

ಪರೀಕ್ಷೆಯ ಹಿಂದಿನ ಸಂಜೆ ಯಶೋದಮ್ಮ ಮಗಳ ತಲೆ ಬಾಚುತ್ತಿದ್ದಳು. ಮೂಲೆಯಲ್ಲಿ ನರಸಮ್ಮ ಮೊರದಲ್ಲಿ ರಾಗಿ ಕೇರುತ್ತಿದ್ದಳು.

"ನಾಳೆಯಿಂದ ಚೆನ್ನಾಗಿ ಬರಿ," ಎಂದಳು ಯಶೋದಮ್ಮ, ಸಿಕ್ಕು ಬಿಡಿಸುತ್ತಾ. ದನಿಯಲ್ಲಿ ಏರಿಳಿತ ಇರಲಿಲ್ಲ. "ನಿನ್ನ ಪರೀಕ್ಷೆ ಒಂದು ಮುಗಿದ್ರೆ ಸಾಕು. ಆಮೇಲೆ ನಾನಿದ್ರೂ ಒಂದೇ, ಹೋದ್ರೂ ಒಂದೇ."

"ಹಂಗನ್ಬೇಡಮ್ಮಾ!" ವನಜ ಗಕ್ಕನೆ ತಿರುಗಿದಳು.

"ಅಲ್ಲಾಡ್ಬೇಡ, ಬೈತಲೆ ಸೊಟ್ಟಗಾಗುತ್ತೆ."

ಮೊರದ ಸದ್ದು ನಿಂತಿತ್ತು. ನರಸಮ್ಮ ಸೊಸೆಯ ಬೆನ್ನನ್ನೇ ನೋಡುತ್ತಿದ್ದಳು.

ಬೆಳಿಗ್ಗೆ ಯಶೋದಮ್ಮ ಗೋಡೆ ಹಿಡಿದು ಎದ್ದು ಅಡುಗೆಮನೆಗೆ ಬಂದರೆ ಅತ್ತೆ ಬಾಗಿಲಿಗೆ ಅಡ್ಡ ನಿಂತಿದ್ದಳು. ಹಿಂದೆ ಸ್ಟೋವ್ ಮೇಲೆ ಎಸರು ಕಾಯುತ್ತಿತ್ತು.

"ಒಳಗೆ ಬರ್ಬೇಡ."

"ಯಾಕತ್ತೆ?"

"ಹೊರಗಾಗಿದೀಯ."

ಯಶೋದಮ್ಮನಿಗೆ ತಿಳಿಯಲಿಲ್ಲ. "ಇಲ್ಲ ಅತ್ತೆ. ನಂಗೆ ನಿಂತು ವರ್ಷದ ಮೇಲಾಯ್ತು. ನಿಮಗೇ ಗೊತ್ತಲ್ಲ."

"ನಾನು ಆಗಿದೀಯ ಅಂದ್ರೆ ಆಗಿದೀಯ. ಬಾಗಿಲು ಮುಟ್ಬೇಡ, ನಡಿ ಹಿತ್ತಿಲಿಗೆ." ನರಸಮ್ಮ ಕಿಟಕಿಯ ಹತ್ತಿರ ಹೋಗಿ ಬೀದಿಗೆಲ್ಲ ಕೇಳುವಂತೆ ಕೂಗಿದಳು. "ಪಟಾಲಮ್ಮಾ, ನಮ್ಮ ಯಶೋದ ಹೊರಗಾಗಿದಾಳೆ ಕಣೇ! ನಮ್ಮ ಬಿಂದಿಗೇನೂ ಸಾಲಿಗಿಟ್ಟಿರು, ನಮ್ಮ ಕೃಷ್ಣ ಬರ್ತಾನೆ. ಮರಿಯಪ್ಪ ಬಂದ್ರೆ ಮೂರು ದಿನ ಕಡ್ಡಿ ಇಲ್ಲ ಅಂತ ಹೇಳ್ಬಿಡು."

"ನಾನಾ?" ಎಂದ ಕೃಷ್ಣಯ್ಯ ಮಂಚದಿಂದ. "ಹೆಂಗಸರ ಸಾಲಲ್ಲಿ ನಾನು ನಿಲ್ಲೋದಾ?"

"ನಾನು ಒಲೆ ಮುಂದೆ ಕೂರ್ಬೇಕು. ಅವಳಿಗೆ ಪರೀಕ್ಷೆ. ಇವಳು ಮುಟ್ಟಂಗಿಲ್ಲ. ಇನ್ಯಾರಿದಾರೆ ಈ ಮನೇಲಿ, ಹೇಳು?"

ಕೃಷ್ಣಯ್ಯ ಹೆಂಡತಿಯ ಕಡೆ ನೋಡಿದ, ತಾಯಿಯ ಕಡೆ ನೋಡಿದ. ಈ ವಿಷಯದಲ್ಲಿ ಗಂಡಸು ಪ್ರಶ್ನೆ ಕೇಳುವ ಹಾಗಿರಲಿಲ್ಲ. ಪಂಚೆ ಎತ್ತಿಕಟ್ಟಿ, ಗೊಣಗುತ್ತಾ ಬಿಂದಿಗೆ ತೆಗೆದುಕೊಂಡು ಹೊರಟ. ವನಜ ಹಾಲ್ ಟಿಕೆಟ್ ಹಿಡಿದು ಬಾಗಿಲಲ್ಲಿ ನಿಂತೇ ಇದ್ದಳು. ಅಜ್ಜಿ ಅವಳ ಮೇಲೂ ರೇಗಿದಳು. "ಏನೇ ನೋಡ್ತೀಯ? ಬಸ್ಸು ತಪ್ಪುತ್ತೆ, ಹೋಗು."

ಹಿತ್ತಿಲ ಚಪ್ಪರದಲ್ಲಿ ಚಾಪೆ ಹಾಸಿತ್ತು. ಯಶೋದಮ್ಮ ಕೂತಳು. ಸ್ವಲ್ಪ ಹೊತ್ತಿಗೆ ನರಸಮ್ಮ ಗೂಡಿನಲ್ಲಿದ್ದ ಪೊಟ್ಟಣ ಹಿಡಿದು ಬಂದಳು. ನೀರಿನ ಲೋಟವನ್ನು ದೂರದಲ್ಲಿ ನೆಲದ ಮೇಲಿಟ್ಟು, ಸೊಸೆಯ ಕೈ ಸೋಕದಂತೆ ಮಾತ್ರೆಯನ್ನು ಮೇಲಿನಿಂದ ಅಂಗೈಗೆ ಹಾಕಿದಳು. ಮಡಿಯ ಒಂದು ರೀತಿಯನ್ನೂ ಅವಳು ಬಿಡಲಿಲ್ಲ.

ಮಾತ್ರೆ ನುಂಗಿದ ಮೇಲೆ ಯಶೋದಮ್ಮನ ಕಣ್ಣಲ್ಲಿ ನೀರು ಬಂತು, ಎಷ್ಟೋ ತಿಂಗಳ ಮೇಲೆ. ಒರೆಸಿಕೊಳ್ಳುವುದಕ್ಕೂ ಕೈ ಏಳಲಿಲ್ಲ.

"ಮೂರು ದಿನ ಆದ್ಮೇಲೆ ಏನು ಮಾಡೋದು ಅತ್ತೆ? ಡಾಕ್ಟ್ರು ಮಾತ್ರೆ ನಿಲ್ಲಿಸಬಾರದು ಅಂದಿದಾರೆ."

"ನಿಂತಿದೆ ಅಂತ ಬೀದೀಗೆ ಗೊತ್ತಿಲ್ಲ. ನಿಂಗೆ ಗೊತ್ತು, ನಂಗೆ ಗೊತ್ತು," ಎಂದಳು ನರಸಮ್ಮ, ಸೊಸೆಯ ಮುಖ ನೋಡದೆ. "ಈ ವಯಸ್ಸಲ್ಲಿ ಕೆಲವರಿಗೆ ಹತ್ತು ದಿನ ಆದ್ರೂ ನಿಲ್ಲಲ್ಲ. ಮಲಕ್ಕೋ."